ಹೊಸ ಒಕ್ಕಲು: ಬೇಸಾಯಕ್ಕೆ ಬರುವವರ ದಾರಿ



ಬೇಸಾಯ ಬಿಟ್ಟು ಹೋಗುತ್ತಿರುವವರ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ವಲಸೆ, ಸಾಲ, ಬರ, ಆತ್ಮಹತ್ಯೆ, ಇವೆಲ್ಲ ನಮ್ಮ ಸಭೆಗಳಿಗೆ ಹೊಸ ವಿಷಯಗಳೇನಲ್ಲ. ಬೇಸಾಯಕ್ಕೆ ಬರಬೇಕು ಎನ್ನುವವರ ಮಾತು ಮಾತ್ರ ಅಪರೂಪ. ಅಂಥವರು ಇದ್ದಾರೆಯೇ ಎಂದು ಕೇಳುವವರೂ ಇದ್ದಾರೆ. ಇದ್ದಾರೆ. ಎಷ್ಟೋ ಮಂದಿ ಹೊಲದ ಬದುವಿನವರೆಗೆ ಬಂದು ನಿಂತಿದ್ದಾರೆ. ಒಳಗೆ ಬರಲು ದಾರಿ ಕಾಣದೆ ನಿಂತಿದ್ದಾರೆ. ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ಒಕ್ಕಲು ಮನೆಯವರಾದ್ದರಿಂದ ಈ ಮಾತನ್ನು ಇಲ್ಲಿಯೇ ಆಡುವುದು ಸರಿ ಎನಿಸಿತು.

ಹೊಸ ರೈತ ಎಂದೊಡನೆ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಹಳ್ಳಿಗೆ ಬಂದ ಯುವಕನೊಬ್ಬನ ಚಿತ್ರ ಕಣ್ಮುಂದೆ ಬರುತ್ತದೆ. ಪತ್ರಿಕೆಗಳೂ ಟಿ.ವಿ.ಗಳೂ ಆ ಚಿತ್ರವನ್ನೇ ತೋರಿಸಿವೆ. ಅವನ ಕಷ್ಟ ಸುಳ್ಳಲ್ಲ, ಅದರ ಬಗ್ಗೆಯೂ ಹೇಳುತ್ತೇನೆ. ಆದರೆ ಅವನಿಗಿಂತ ಹಳೆಯ ಹೊಸಬನೊಬ್ಬನಿದ್ದಾನೆ. ಶಿವರಾಮ ಕಾರಂತರ ಚೋಮ ನಿಮಗೆಲ್ಲ ಗೊತ್ತು. ಅವನಲ್ಲಿ ಎತ್ತುಗಳಿದ್ದವು, ದುಡಿಯುವ ಮೈ ಇತ್ತು, ಬೇಸಾಯ ಮಾಡಬೇಕೆಂಬ ಹಂಬಲವಿತ್ತು. ತುಂಡು ಭೂಮಿ ಮಾತ್ರ ಸಿಗಲಿಲ್ಲ, ಹುಟ್ಟಿದ ಜಾತಿ ಅದಕ್ಕೆ ಅಡ್ಡ ಬಂತು. ಆ ಕಾದಂಬರಿ ಬಂದು ತೊಂಬತ್ತು ವರ್ಷ ಕಳೆದಿವೆ. 2011ರ ಜನಗಣತಿಯಂತೆ ದೇಶದಲ್ಲಿ ಸಾಗುವಳಿದಾರರು 11.88 ಕೋಟಿ, ಕೃಷಿ ಕಾರ್ಮಿಕರು 14.43 ಕೋಟಿ. ಅಂದರೆ ಹೊಲದಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಇನ್ನೊಬ್ಬರ ಹೊಲದಲ್ಲಿ ದುಡಿಯುವವರು. ಕೆಲಸ ಬಲ್ಲವರ ಕೈಗೆ ಭೂಮಿ ಸಿಗುವುದಿಲ್ಲ, ಭೂಮಿ ಕೊಳ್ಳಬಲ್ಲವರಿಗೆ ಕೆಲಸ ತಿಳಿಯದು. ಇವರಿಬ್ಬರನ್ನು ಒಂದೇ ಹೊಲಕ್ಕೆ ತರುವ ವ್ಯವಸ್ಥೆಯನ್ನು ನಾವು ಕಟ್ಟಲಿಲ್ಲ. ನನ್ನ ಉಪನ್ಯಾಸದ ಸಾರ ಇಷ್ಟೆ.

1. ಭೂಮಿಯ ಬೆಲೆ, ಬೆಳೆಯ ಬೆಲೆ

ಮೊದಲು ಲೆಕ್ಕ ನೋಡೋಣ. ಒಂದು ಎಕರೆ ಖುಷ್ಕಿ ಜಮೀನಿಗೆ ಇಪ್ಪತ್ತು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಸುತ್ತಮುತ್ತಲಿನವರು ಇದನ್ನು ಕೇಳಿ ನಕ್ಕಾರು, ಅಲ್ಲಿ ಈ ದರಕ್ಕೆ ಜಮೀನು ಸಿಗುವ ಕಾಲ ಹೋಯಿತು. ಇರಲಿ. ಅದೇ ಹಣಕ್ಕೆ ಬ್ಯಾಂಕು ನೂರಕ್ಕೆ ಏಳರಂತೆ ಬಡ್ಡಿ ಕೊಟ್ಟರೆ ವರ್ಷಕ್ಕೆ 1,40,000 ರೂಪಾಯಿ. ಆ ಎಕರೆಯಲ್ಲಿ ಮಳೆಯಾಶ್ರಿತ ರಾಗಿ ಬಿತ್ತಿ, ಮಳೆ ಚೆನ್ನಾಗಿ ಬಂದು, ಹತ್ತು ಕ್ವಿಂಟಲ್ ಕೈಗೆ ಬಂತು ಎನ್ನಿ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಒಟ್ಟು 48,860. ಇದರಲ್ಲಿ ಉಳುಮೆ, ಬೀಜ, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆಯ ಖರ್ಚು ಇನ್ನೂ ಕಳೆದಿಲ್ಲ. ಹುಲ್ಲಿನಿಂದ ಒಂದಿಷ್ಟು ಬರುತ್ತದೆ, ಆದರೂ ಲೆಕ್ಕ ಸರಿಹೋಗುವುದಿಲ್ಲ.

ಇದರ ಅರ್ಥವೇನು? ಜಮೀನಿನ ಬೆಲೆಯನ್ನು ಅಲ್ಲಿ ಬೆಳೆಯುವ ಬೆಳೆ ನಿರ್ಧರಿಸುತ್ತಿಲ್ಲ. ಮುಂದೆ ಬರಲಿರುವ ಬಡಾವಣೆ, ಹೆದ್ದಾರಿ, ಕೈಗಾರಿಕೆ ನಿರ್ಧರಿಸುತ್ತಿವೆ. ಹೀಗಿರುವಾಗ ಬೆಳೆಯ ಆದಾಯದಿಂದ ಭೂಮಿಯ ಸಾಲ ತೀರಿಸುತ್ತೇನೆ ಎನ್ನುವುದು ಆಗದ ಮಾತು. ತಂದೆಯಿಂದ ಜಮೀನು ಬಂದವನು ಈ ಲೆಕ್ಕ ಹಾಕಬೇಕಿಲ್ಲ. ಹೊಸಬ ಮೊದಲ ದಿನವೇ ಹಾಕಬೇಕು.

ಜಮೀನು ಇರುವವರ ಸ್ಥಿತಿಯೂ ಹೇಳಿಕೊಳ್ಳುವಂತಿಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರ್, ನಮ್ಮ ಅಳತೆಯಲ್ಲಿ ಸುಮಾರು ಮೂರು ಎಕರೆ ಹದಿನಾಲ್ಕು ಗುಂಟೆ. 2018-19ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ಕೃಷಿ ಕುಟುಂಬವೊಂದರ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಕೂಲಿ, ಸಂಬಳದಿಂದ ಬಂದದ್ದು 4,063. ಬೆಳೆಯಿಂದ ಬಂದದ್ದು 3,798. ಜಮೀನಿದ್ದವರ ಮನೆಯಲ್ಲೇ ಕೂಲಿಯ ದುಡ್ಡು ಬೆಳೆಯ ದುಡ್ಡಿಗಿಂತ ಮುಂದಿದೆ. ಹೊಸದಾಗಿ ಬರುವವನು ಕೆಲಸ ಪೂರ್ತಿ ಬಿಟ್ಟು ಬರಬೇಕು ಎಂದು ಹುರಿದುಂಬಿಸುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

2. ಕಾನೂನು ಯಾರನ್ನು ರೈತ ಎಂದಿತು

ಕಾಗೋಡಿನ ಗೇಣಿದಾರರು 1951ರಲ್ಲಿ ಎದ್ದು ನಿಂತದ್ದು ಈ ನಾಡಿನ ದೊಡ್ಡ ಘಟನೆ. ಅಂಥ ಹೋರಾಟಗಳ ಫಲವಾಗಿ 1961ರ ಭೂ ಸುಧಾರಣಾ ಕಾಯ್ದೆ ಬಂತು. ದೇವರಾಜ ಅರಸರ ಕಾಲದಲ್ಲಿ ಅದಕ್ಕೆ ಹಲ್ಲು ಬಂತು. 1974ರ ಮಾರ್ಚ್ 1ಕ್ಕೆ ಮೊದಲು ಗೇಣಿದಾರರು ಉಳುತ್ತಿದ್ದ ಜಮೀನು ಸರ್ಕಾರಕ್ಕೆ ಸೇರಿತು. ಏಳನೇ ನಮೂನೆಯ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಂತು ಗೆದ್ದವರು ಒಡೆಯರಾದರು. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಹೊಸ ಒಡೆಯರನ್ನು ಸೃಷ್ಟಿಸಿದ ಕೆಲಸ ನಮ್ಮಲ್ಲಿ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಆದರೆ ಆ ಕಾಯ್ದೆ ‘ಉಳುವವರು ಯಾರು’ ಎಂಬ ಪ್ರಶ್ನೆಯನ್ನು ಒಂದು ತಾರೀಖಿಗೆ ಮಾತ್ರ ಕೇಳಿತು. ಗೇಣಿ ಮರಳಿ ತಲೆ ಎತ್ತದಿರಲಿ ಎಂದು ಮುಂದಕ್ಕೆ ಗುತ್ತಿಗೆಯನ್ನೇ ನಿಷೇಧಿಸಿತು. ಸೈನಿಕರು, ನಾವಿಕರಿಗೆ ಮಾತ್ರ ವಿನಾಯಿತಿ. ಉದ್ದೇಶ ಒಳ್ಳೆಯದೇ. ಫಲ ಏನಾಯಿತೆಂದರೆ, ಆ ದಿನ ಯಾರದೋ ಹೊಲದಲ್ಲಿ ಕೂಲಿಯಾಗಿದ್ದವನಿಗೆ ಒಂದೆರಡು ಎಕರೆ ಗುತ್ತಿಗೆಗೆ ಹಿಡಿದು ಮೇಲೆ ಬರುವ ದಾರಿ ಕಾಗದದ ಮೇಲೆ ಮುಚ್ಚಿಹೋಯಿತು.

ಕೊಳ್ಳುವ ದಾರಿಯ ಕಥೆ ಬೇರೆ. 79ಎ ಮತ್ತು 79ಬಿ ಸೆಕ್ಷನ್‌ಗಳು ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದನ್ನು ತಡೆದಿದ್ದವು. ಕೃಷಿಯೇತರ ಆದಾಯದ ಮಿತಿ ಏರುತ್ತಾ ಬಂದು 2015ರಲ್ಲಿ 25 ಲಕ್ಷ ರೂಪಾಯಿ ಆಯಿತು. 2020ರಲ್ಲಿ ಆ ಸೆಕ್ಷನ್‌ಗಳೇ ಹೋದವು. ಕೃಷಿ ಕಾರ್ಮಿಕ ಜಮೀನು ಕೊಳ್ಳುವುದಕ್ಕೆ ಹಳೆಯ ಕಾಯ್ದೆಯಲ್ಲೂ ಅಡ್ಡಿ ಇರಲಿಲ್ಲ, ಅವನನ್ನು ತಡೆದದ್ದು ಖಾಲಿ ಜೇಬು. 2020ರ ತಿದ್ದುಪಡಿ ಜೇಬು ತುಂಬಿದವರಿಗೆ ಬಾಗಿಲು ತೆಗೆಯಿತು. ಖಾಲಿ ಜೇಬಿನವನು ಇದ್ದಲ್ಲೇ ಇದ್ದಾನೆ.

ಅವನಿಗಾಗಿ ಏನೂ ಇಲ್ಲ ಎನ್ನುವಂತಿಲ್ಲ. ಭೂ ಒಡೆತನ ಯೋಜನೆಯಲ್ಲಿ ಭೂರಹಿತ ಪರಿಶಿಷ್ಟ ಕುಟುಂಬದ ಮಹಿಳಾ ಕೃಷಿ ಕಾರ್ಮಿಕರಿಗೆ ಅರ್ಧ ಸಹಾಯಧನ, ಅರ್ಧ ಸಾಲದಲ್ಲಿ ಜಮೀನು ಕೊಡಿಸುತ್ತಾರೆ. ನನ್ನ ಮಟ್ಟಿಗೆ ಇದು ನಮ್ಮ ರಾಜ್ಯದ ಒಳ್ಳೆಯ ಯೋಜನೆಗಳಲ್ಲಿ ಒಂದು. ಆದರೆ ಏರಿದ ಜಮೀನಿನ ದರದ ಮುಂದೆ ಇಂಥ ಯೋಜನೆ ಎಷ್ಟು ಮಂದಿಯನ್ನು ಮುಟ್ಟೀತು?

3. ಪಹಣಿಯ ಒಳಗೂ ಹೊರಗೂ

ಕಾನೂನು ಬೇಡ ಎಂದ ಮಾತ್ರಕ್ಕೆ ಗುತ್ತಿಗೆ ನಿಂತಿಲ್ಲ. ಹಳೇ ಮೈಸೂರಿನ ಕಡೆ ವಾರಕ್ಕೆ ಮಾಡುತ್ತಾರೆ, ಉತ್ತರ ಕರ್ನಾಟಕದಲ್ಲಿ ಲಾವಣಿಗೆ, ಪಾಲಿಗೆ ಹಿಡಿಯುತ್ತಾರೆ. ಎಲ್ಲವೂ ಬಾಯಿಮಾತು. ನಂಬಿಕೆಯ ಮೇಲೆ ನಡೆಯುತ್ತದೆ ಎಂದು ಹೊಗಳುವವರುಂಟು. ಆದರೆ ಉಳುವವರು ನಾಲ್ಕು ಗಾಡಿ ಗೊಬ್ಬರ ಹಾಕಿ, ಬದು ಕಟ್ಟಿ, ಮಣ್ಣು ಹದಕ್ಕೆ ಬಂದ ಹೊತ್ತಿಗೆ ‘ಬರುವ ವರ್ಷ ನಾವೇ ಮಾಡ್ಕೋತೀವಿ’ ಎಂಬ ಮಾತು ಬಂದರೆ ಎದುರು ಹೇಳಲು ಅವರ ಬಳಿ ಚೀಟಿಯೂ ಇಲ್ಲ. ಒಡೆಯರಿಗೂ ಭಯವಿದೆ. ಒಬ್ಬರಿಗೇ ನಾಲ್ಕು ವರ್ಷ ಬಿಟ್ಟರೆ ಹಕ್ಕು ಕೇಳಿಯಾರು ಎಂಬ 1974ರ ನೆನಪು ಇನ್ನೂ ಮಾಸಿಲ್ಲ. ಅದಕ್ಕೇ ವರ್ಷಕ್ಕೊಬ್ಬರನ್ನು ಬದಲಾಯಿಸುತ್ತಾರೆ, ಇಲ್ಲವೇ ಬೀಳು ಬಿಡುತ್ತಾರೆ. ಬೀಳು ಬಿಟ್ಟ ಹೊಲವೂ ಹೊಲವಿಲ್ಲದ ರೈತನೂ ಒಂದೇ ಊರಿನಲ್ಲಿರುವುದು ಹೀಗೆ.

ಒಂದು ಪಹಣಿಯನ್ನು ಕೈಗೆ ತೆಗೆದುಕೊಳ್ಳಿ. ಒಂಬತ್ತನೇ ಕಲಂನಲ್ಲಿ ಒಡೆಯನ ಹೆಸರು. ಹನ್ನೊಂದನೆಯದರಲ್ಲಿ ಸಾಲ, ಋಣ, ಇತರ ಹಕ್ಕು. ಹನ್ನೆರಡರಲ್ಲಿ ಬೆಳೆ ಮತ್ತು ಸಾಗುವಳಿ ಮಾಡುವವರ ವಿವರ. ಕಾಗದದಲ್ಲಿ ಆ ಜಾಗವಿದೆ. ಆದರೆ ವಾರಕ್ಕೆ ಮಾಡುವವರ ಹೆಸರನ್ನು ಅಲ್ಲಿ ಬರೆಸಲು ಯಾವ ಒಡೆಯ ಒಪ್ಪುತ್ತಾನೆ? ಅಲ್ಲಿ ಹೆಸರಿಲ್ಲದಿದ್ದರೆ ಸರ್ಕಾರದ ರೈತ ನೋಂದಣಿಯಾದ ಫ್ರೂಟ್ಸ್‌ನ ಸಂಖ್ಯೆ ಸಿಗುವುದು ಕಷ್ಟ. ಅದಿಲ್ಲದೆ ರಾಗಿ ಖರೀದಿ ಕೇಂದ್ರದಲ್ಲಿ ತಮ್ಮ ಹೆಸರಿನಲ್ಲಿ ರಾಗಿ ಹಾಕುವಂತಿಲ್ಲ. ಬರ ಬಂದು ಬೆಳೆ ಒಣಗಿದರೆ ಪರಿಹಾರ ಒಡೆಯನ ಖಾತೆಗೆ ಹೋಗುತ್ತದೆ. ಸಹಕಾರ ಸಂಘದ ಬಡ್ಡಿರಹಿತ ಸಾಲ ಸಿಗದೆ ಗೊಬ್ಬರದಂಗಡಿಯ ಉದ್ದರಿಯೇ ಗತಿ. ದುಡಿದವರು ಒಬ್ಬರು, ದಾಖಲೆಯ ರೈತ ಇನ್ನೊಬ್ಬರು.

ಕೊಂಡವರ ಪಾಡೂ ನೋಡಿ. ಪಿಎಂ-ಕಿಸಾನ್ ಯೋಜನೆಗೆ 2019ರ ಫೆಬ್ರವರಿ 1ರಂದು ಯಾರ ಹೆಸರಿನಲ್ಲಿ ಜಮೀನಿತ್ತು ಎಂಬುದನ್ನೇ ಅರ್ಹತೆಯ ಗೆರೆ ಮಾಡಿದರು. ಆಮೇಲೆ ವಾರಸಿನಿಂದ ಬಂದರೆ ಸರಿ, ಕೊಂಡರೆ ಇಲ್ಲ. ವರ್ಷಕ್ಕೆ ಆರು ಸಾವಿರ ದೊಡ್ಡ ಮೊತ್ತವಲ್ಲ. ಆದರೆ ರೈತನೆಂದರೆ ರೈತನ ಮನೆಯಲ್ಲಿ ಹುಟ್ಟಿದವನು ಎಂಬ ಭಾವನೆ ಆ ನಿಯಮದಲ್ಲಿ ಎದ್ದು ಕಾಣುತ್ತದೆ. ಅಂದು 1974ರ ಮಾರ್ಚ್ 1, ಇಂದು 2019ರ ಫೆಬ್ರವರಿ 1. ರೈತನನ್ನು ಒಂದು ತಾರೀಖಿಗೆ ಕಟ್ಟಿಹಾಕುವ ಚಾಳಿ ನಮ್ಮನ್ನು ಬಿಟ್ಟಿಲ್ಲ.

ಹುಟ್ಟಿದ ಮನೆಯಲ್ಲೇ ಹೊಸಬರಾಗಿರುವವರೂ ಇದ್ದಾರೆ. ತಾತ ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿ ಅವರ ಹೆಸರಿನಲ್ಲೇ ಇರುವ ಮನೆಗಳು ನಮ್ಮಲ್ಲಿ ಸಾವಿರಾರು. ಪೌತಿ ಖಾತೆ ಆಗಿಲ್ಲ, ಪೋಡಿ ಆಗಿಲ್ಲ, ಅಣ್ಣತಮ್ಮಂದಿರ ಭಾಗ ಬಾಯಿಮಾತಿನಲ್ಲಿದೆ. ಗಂಡ ತೀರಿಕೊಂಡ ಮೇಲೆ ಹೊಲವನ್ನೆಲ್ಲ ತಾನೇ ನೋಡಿಕೊಳ್ಳುವ ಹೆಣ್ಣುಮಗಳಿಗೆ ಬ್ಯಾಂಕಿನಲ್ಲಿ ‘ಜಮೀನು ನಿಮ್ಮ ಹೆಸರಲ್ಲಿ ಇಲ್ವಲ್ಲಮ್ಮ’ ಎಂಬ ಉತ್ತರ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು 2005ರಲ್ಲಿ ದೇಶದ ಕಾನೂನೇ ಹೇಳಿದೆ. ಹಕ್ಕು ಬಿಡುಗಡೆ ಪತ್ರಕ್ಕೆ ಅವರಿಂದ ಸಹಿ ಹಾಕಿಸಿಕೊಳ್ಳುವ ಪದ್ಧತಿ ಮಾತ್ರ ನಿಂತಿಲ್ಲ.

4. ಮಣ್ಣು ಕಲಿಸುವುದು ನಿಧಾನವಾಗಿ

ಭೂಮಿ ಸಿಕ್ಕಿತು ಎನ್ನಿ. ಆಮೇಲೆ ವಿದ್ಯೆ. ಜೂನ್ ತಿಂಗಳಲ್ಲಿ ಒಂದು ಹದ ಮಳೆ ಬಿದ್ದ ಮರುದಿನ ಅನುಭವಸ್ಥರೊಬ್ಬರು ಹೊಲಕ್ಕೆ ಹೋಗುವುದನ್ನು ಗಮನಿಸಿ. ಮೇಲ್ಮಣ್ಣು ಸರಿಸಿ ಒಂದು ಹಿಡಿ ತೆಗೆದು ಅದುಮುತ್ತಾರೆ. ಉಂಡೆ ಕಟ್ಟಿ, ಕೈಬಿಟ್ಟಾಗ ಒಡೆದರೆ ಹದ. ಅಂಟಿಕೊಂಡರೆ ಇನ್ನೊಂದು ದಿನ ಕಾಯಬೇಕು, ಉಂಡೆಯೇ ಕಟ್ಟದಿದ್ದರೆ ಮುಂದಿನ ಮಳೆ ನೋಡಬೇಕು. ಆ ಹದ ಕೆಲವೇ ದಿನ ಉಳಿಯುತ್ತದೆ. ಆ ದಿನಗಳಲ್ಲೇ ಊರಿಗೆ ಊರೇ ಟ್ರ್ಯಾಕ್ಟರಿಗೆ ಮುಗಿಬಿದ್ದಿರುತ್ತದೆ. ಬಾಡಿಗೆ ಟ್ರ್ಯಾಕ್ಟರಿನವನು ಮೊದಲು ತನ್ನ ಹೊಲ, ಆಮೇಲೆ ನೆಂಟರದು, ಆಮೇಲೆ ಹಳೆಯ ಗಿರಾಕಿಗಳದು ಮುಗಿಸಿ ಹೊಸಬನ ಹೊಲಕ್ಕೆ ಬರುವಷ್ಟರಲ್ಲಿ ಹದ ಆರಿರುತ್ತದೆ. ತಪ್ಪು ಯಾರದೂ ಅಲ್ಲ. ಸರದಿ ಹಾಗಿದೆ.

ರಾಗಿ ಮೊಳೆತು ಮೂರು ವಾರವಾದ ಮೇಲೆ ಪೈರಿನ ಮೇಲೆಯೇ ಕುಂಟೆ ಹೊಡೆಯುತ್ತಾರೆ. ಹಾವೇರಿ ಸೀಮೆಯ ಗುಳಿ ರಾಗಿಯಲ್ಲಿ ಎಳೆಯ ಪೈರಿನ ಮೇಲೆ ಕೊರಡನ್ನೇ ಎಳೆಸುತ್ತಾರೆ. ಹೊಸಬನಿಗೆ ಎದೆ ಧಸಕ್ಕೆನ್ನುತ್ತದೆ, ಬೆಳೆ ಹಾಳಾಯಿತು ಎನಿಸುತ್ತದೆ. ವಾರ ಕಳೆದ ಮೇಲೆ ನೋಡಿದರೆ ಬಾಗಿದ ಪೈರು ಎದ್ದು, ಬುಡದಲ್ಲಿ ತೆಂಡೆ ಒಡೆದಿರುತ್ತದೆ. ಇದನ್ನು ಪುಸ್ತಕದಲ್ಲಿ ಓದಿದರೆ ತಿಳಿಯುತ್ತದೆ, ಆದರೆ ಧೈರ್ಯ ಬರುವುದು ಪಕ್ಕದ ಹೊಲದವರು ಹೊಡೆಯುವುದನ್ನು ನೋಡಿದಾಗಲೇ. ಬೇಸಾಯದಲ್ಲಿ ಒಂದು ಪಾಠಕ್ಕೆ ವರ್ಷಕ್ಕೆ ಒಂದೇ ಅವಕಾಶ. ಈ ವರ್ಷ ತಪ್ಪಿದರೆ ಮತ್ತೆ ಮುಂದಿನ ಮುಂಗಾರೇ.

ಇನ್ನು ಆಳು. ಕೂಲಿ ದುಬಾರಿ, ಆಳು ಸಿಗುವುದಿಲ್ಲ ಎಂಬುದು ಎಲ್ಲರ ದೂರು. ಹಳಬರಿಗೆ ಮುಯ್ಯಾಳಿನ ಆಸರೆ ಇದೆ. ನಿಮ್ಮ ನಾಟಿಗೆ ನಾವು, ನಮ್ಮ ನಾಟಿಗೆ ನೀವು. ಹೊಸಬ ಮುಯ್ಯಿ ಕೇಳಬೇಕಾದರೆ ಮೊದಲು ತೀರಿಸಬೇಕು, ತೀರಿಸಲು ಕೆಲಸ ಬರಬೇಕು. ಊರಿನವರ ಹೊಲದಲ್ಲಿ ಒಂದು ಹಂಗಾಮು ಬಗ್ಗಿ ಕಳೆ ಕಿತ್ತವರಿಗೆ ಸಿಗುವ ಮುಯ್ಯಿ, ಬೇಲಿ ಹಾಕಿ ಗೇಟಿಗೆ ಬೀಗ ಜಡಿದವರಿಗೆ ಸಿಗುವುದಿಲ್ಲ.

ಮೂರನೆಯದು ಕಾಯುವ ಶಕ್ತಿ. ಅಡಿಕೆ, ತೆಂಗು ಫಲ ಕೊಡಲು ಐದಾರು ವರ್ಷ ಬೇಕು, ಕಸಿ ಮಾವಿಗೂ ನಾಲ್ಕೈದು. ಅಲ್ಲಿಯವರೆಗೆ ಮನೆ ನಡೆಯಬೇಕಲ್ಲ. ಬೇಗ ದುಡ್ಡು ಬರಲಿ ಎಂದು ಹೊಸಬರು ತರಕಾರಿಗೆ ಕೈಹಾಕುತ್ತಾರೆ, ಅದೂ ದರ ಏರಿದ ಸುದ್ದಿ ಓದಿದ ಮೇಲೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕಿಲೋ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ಆ ಸುದ್ದಿ ಕೇಳಿ ಸಸಿ ನೆಟ್ಟವರ ಹಣ್ಣು ಮಾರುಕಟ್ಟೆಗೆ ಬರುವ ಹೊತ್ತಿಗೆ ದರ ಕುಸಿದಿತ್ತು. ಅಲ್ಲಿನ ಹಳಬರು ದರ ನೋಡಿ ಟೊಮೆಟೊ ಇಡುವವರಲ್ಲ. ವರ್ಷದುದ್ದಕ್ಕೂ ಇಡುತ್ತಾರೆ, ನಾಲ್ಕು ಸಲ ಹೋದದ್ದು ಐದನೇ ಸಲ ಬರುತ್ತದೆ. ನಾಲ್ಕು ಸಲ ಕಳೆದುಕೊಳ್ಳುವ ತಾಕತ್ತು ಹೊಸಬನಿಗಿಲ್ಲ.

ನೀರಿನ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಮೊದಲ ಬಂಡವಾಳವನ್ನೆಲ್ಲ ಕೊಳವೆಬಾವಿಗೆ ಸುರಿದು, ನೀರು ಬರದೆ, ಬೇಸಾಯ ಶುರುವಾಗುವ ಮೊದಲೇ ಮುಗಿಸಿದವರಿದ್ದಾರೆ. ಮಳೆನೀರಿನ ಕೃಷಿ ಹೊಂಡದಿಂದ ಆರಂಭಿಸುವುದು ಜಾಣತನ.

5. ಬಂದು ನಿಂತವರು

ಹೊಸಬರು ನಿಲ್ಲುವುದೇ ಇಲ್ಲ ಎಂದು ಯಾರೂ ತಿಳಿಯಬಾರದು. ಪೂರ್ಣಚಂದ್ರ ತೇಜಸ್ವಿ ಮೈಸೂರಿನಲ್ಲಿ ಎಂ.ಎ. ಓದಿ, ಮೇಷ್ಟರ ಕೆಲಸಕ್ಕೆ ಹೋಗದೆ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿದರು. ದೊಡ್ಡಬಳ್ಳಾಪುರ ತಾಲ್ಲೂಕಿನ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ತೋಟವನ್ನೇ ಶಾಲೆ ಮಾಡಿ ಸಹಜ ಕೃಷಿ ಕಲಿಸಿದರು, ನಗರದಿಂದ ಬಂದ ಎಷ್ಟೋ ಯುವಕರು ಅಲ್ಲಿ ಮಣ್ಣು ಮುಟ್ಟಿದರು. ಆದರೆ ಇಂಥ ಒಬ್ಬಿಬ್ಬರ ಹೆಸರು ಹೇಳಿ ಸಮಾಧಾನ ಪಟ್ಟುಕೊಳ್ಳುವುದು ನನಗೆ ಸರಿಕಾಣದು. ಒಬ್ಬೊಬ್ಬರ ಗಟ್ಟಿತನವನ್ನು ನಂಬಿ ಒಂದು ಕಸುಬು ಉಳಿಯುವುದಿಲ್ಲ.

ಕೇರಳದ ಕುಟುಂಬಶ್ರೀ ನೋಡಿ. 1998ರಲ್ಲಿ ಆರಂಭವಾದ ಆ ಜಾಲದ ಹೆಂಗಸರು ಗುಂಪುಕಟ್ಟಿ ಬೀಳುಬಿದ್ದ ಗದ್ದೆಗಳನ್ನು ಹಿಡಿದು ಭತ್ತ, ಬಾಳೆ, ತರಕಾರಿ ಬೆಳೆಯುತ್ತಿದ್ದಾರೆ. ಒಬ್ಬೊಬ್ಬರಿಗೆ ಸಿಗದ ಸಾಲ ಜಂಟಿ ಹೊಣೆಯ ಗುಂಪಿಗೆ ಸಿಗುತ್ತದೆ. ಆಂಧ್ರಪ್ರದೇಶ 2019ರ ಕಾನೂನಿನಲ್ಲಿ ಗುತ್ತಿಗೆ ಸಾಗುವಳಿದಾರರಿಗೆ ಹನ್ನೊಂದು ತಿಂಗಳ ಕಾರ್ಡು ಕೊಡುವ ಏರ್ಪಾಟು ಮಾಡಿತು. ಅದರಿಂದ ಒಡೆತನದ ಹಕ್ಕು ಬರುವುದಿಲ್ಲ, ಬೆಳೆಸಾಲಕ್ಕೂ ಪರಿಹಾರಕ್ಕೂ ಆಧಾರ ಸಿಗುತ್ತದೆ. ಒಡೆಯರು ಸಹಿ ಹಾಕಬೇಕಾದ್ದರಿಂದ ಅಲ್ಲೂ ತೊಡಕಿದೆ. ಆದರೂ ಉಳುವವರಿಗೆ ಒಂದು ಕಾಗದ ಕೊಡಬಹುದು ಎಂಬುದನ್ನು ಅದು ತೋರಿಸಿತು. 2016ರಲ್ಲಿ ನೀತಿ ಆಯೋಗ ಮಾದರಿ ಗುತ್ತಿಗೆ ಕಾಯ್ದೆಯನ್ನೇ ರಾಜ್ಯಗಳ ಮುಂದಿಟ್ಟಿತು.

ಗುತ್ತಿಗೆ ತೆರೆದರೆ ಕಂಪನಿಗಳು ಊರಿಗೆ ಊರನ್ನೇ ಹಿಡಿದಾವು ಎಂಬ ಆತಂಕ ರೈತ ಸಂಘಟನೆಗಳದ್ದು. ಅದು ನ್ಯಾಯವಾದ ಆತಂಕ. ಅದಕ್ಕೇ ನಾನು ಕೇಳುವುದು ಬೇಲಿ ಹಾಕಿದ ಗುತ್ತಿಗೆ. ಹಿಡಿಯುವವರು ವ್ಯಕ್ತಿಗಳೋ ಸ್ವಸಹಾಯ ಗುಂಪುಗಳೋ ಆಗಿರಲಿ, ಕಂಪನಿಗಳಲ್ಲ. ಹಿಡಿಯುವುದಕ್ಕೆ ಎಕರೆಯ ಮಿತಿ ಇರಲಿ. ಅವಧಿ ಮೂರರಿಂದ ಐದು ವರ್ಷ, ಅದೇ ಊರಿನ ಭೂರಹಿತರಿಗೆ ಮೊದಲ ಆದ್ಯತೆ. ಒಡೆಯರ ಹಕ್ಕಿಗೆ ಚ್ಯುತಿಯಿಲ್ಲವೆಂದು ಕಾನೂನಿನಲ್ಲೇ ಬರೆಯಲಿ. ಗ್ರಾಮ ಆಡಳಿತ ಅಧಿಕಾರಿಯ ಮುಂದೆ ದಾಖಲಾಗಿ, ಹನ್ನೆರಡನೇ ಕಲಂನಲ್ಲಿ ನಿಜವಾಗಿ ಉಳುವವರ ಹೆಸರು ಬರಲಿ. ಪರಿಹಾರ, ವಿಮೆ, ಖರೀದಿ, ಸಾಲ ಆ ಹೆಸರನ್ನು ಹಿಂಬಾಲಿಸಲಿ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಗುತ್ತಿಗೆದಾರರಿಗೂ ಸಂಘದ ಸದಸ್ಯತ್ವ ಕೊಡುವುದು ನಮಗೆ ದೊಡ್ಡ ಮಾತಾಗಬಾರದು.

ಕಲಿಕೆಗೂ ಒಂದು ಏರ್ಪಾಟು ಬೇಕು. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಪದವಿ ಇದೆ, ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೆಲವು ದಿನಗಳ ತರಬೇತಿ ಇದೆ. ಇವೆರಡರ ನಡುವೆ, ಅನುಭವಿ ರೈತರ ಹೊಲದಲ್ಲಿ ಎರಡು ಮುಂಗಾರು ಕೂಲಿ ಪಡೆದು ಕಲಿಯುವ ವ್ಯವಸ್ಥೆ ಇಲ್ಲ. ಕಲಿಸುವ ರೈತರಿಗೂ ಸಂಭಾವನೆ ಸಲ್ಲಬೇಕು. ಇದಕ್ಕೆ ದೊಡ್ಡ ಕಟ್ಟಡವೇನೂ ಬೇಕಾಗಿಲ್ಲ.

6. ಕೊನೆಯ ಮಾತು

ಬೇಸಾಯಕ್ಕೆ ಬರಬೇಕೆನ್ನುವ ಯುವಕ ಯುವತಿಯರಿಗೆ ನನ್ನ ಮಾತು ನೇರವಾಗಿದೆ. ಕೊಳ್ಳುವ ಮೊದಲು ಒಂದು ವರ್ಷ ಯಾರದಾದರೂ ಹೊಲದಲ್ಲಿ ದುಡಿಯಿರಿ. ಜಮೀನನ್ನು ಬೇಸಿಗೆಯಲ್ಲೊಮ್ಮೆ, ಜೋರು ಮಳೆಯಲ್ಲೊಮ್ಮೆ ನಡೆದು ನೋಡಿ. ಪಹಣಿ, ಮ್ಯುಟೇಶನ್, ಋಣಭಾರ ಪತ್ರ, ಹದ್ದುಬಸ್ತು, ನಕಾಶೆಯಲ್ಲಿರುವ ದಾರಿ, ಇವನ್ನು ಬಲ್ಲವರಿಂದ ಓದಿಸಿ. ಸರ್ಕಾರ ಮಂಜೂರು ಮಾಡಿದ ಪರಿಶಿಷ್ಟರ ಜಮೀನು 1978ರ ಕಾಯ್ದೆಯ ರಕ್ಷಣೆಯಲ್ಲಿದೆ, ಅದಕ್ಕೆ ಕೈಹಾಕಬೇಡಿ. ಮೊದಲ ವರ್ಷ ಆ ಊರಿನವರು ಬೆಳೆಯುವುದನ್ನೇ ಬೆಳೆಯಿರಿ. ಬೇರೆ ಸಂಪಾದನೆಯನ್ನು ಮೂರು ವರ್ಷ ಬಿಡಬೇಡಿ.

ಶಾಸಕರಿಗೆ ನನ್ನ ಬೇಡಿಕೆ ಒಂದೇ: ಉಳುವವರನ್ನು ಪ್ರತಿ ವರ್ಷ ಕೇಳಿ ಗುರುತಿಸುವ ಕಾನೂನು ಮಾಡಿ. ಅಲ್ಲಿಯವರೆಗೆ, ಈ ಸಭೆಯಲ್ಲಿರುವ ಜಮೀನುಳ್ಳವರೆಲ್ಲ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಮನೆಯ ಪಹಣಿ ತೀರಿಕೊಂಡವರ ಹೆಸರಿನಲ್ಲೇ ಉಳಿದಿದ್ದರೆ ಈ ವಾರವೇ ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಕೊಡಿ. ಅರ್ಜಿಯಲ್ಲಿ ಮನೆಯ ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿ. ಹೊಸ ರೈತರ ಪಟ್ಟಿ ನಮ್ಮ ನಮ್ಮ ಮನೆಗಳಿಂದಲೇ ಆರಂಭವಾಗಲಿ.